ಹೆಸರಿಲ್ಲದ ಸೀಬೆಗೊಂದು ಗೂಟಿ

(ಮೈಸೂರಿನಲ್ಲಿ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕೈತೋಟದ ಆಸಕ್ತರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮಾತು ಶುರು ಮಾಡುವಷ್ಟರಲ್ಲಿ ನಿಮ್ಮ ಸಾಲಿಗೆ ತಟ್ಟೆಗಳು ಬರುತ್ತವೆ. ಒಟ್ಟು ಆರು ತಟ್ಟೆ. ಪ್ರತಿ ತಟ್ಟೆಗೂ ನಂಬರ್ ಹಾಕಿದ್ದೇನೆ, ಹೆಸರು ಬರೆದಿಲ್ಲ. ಒಂದೊಂದು ಹೋಳು ತೆಗೆದುಕೊಂಡು ಮುಂದಕ್ಕೆ ಕಳಿಸಿ. ಉಪ್ಪು ಖಾರದ ಪುಡಿಯೂ ತಂದಿದ್ದೇನೆ, ಅದನ್ನು ಕೊನೆಗೆ ಕೊಡುತ್ತೇನೆ. ಉಪ್ಪು ಖಾರ ಬಿತ್ತು ಅಂದರೆ ಯಾವ ಸೀಬೆಯಾದರೂ ರುಚಿಯೇ. ಇವತ್ತು ನಮಗೆ ಬೇಕಾಗಿರುವುದು ಒಂದು ಹಣ್ಣಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅನ್ನುವುದು.

ಮೊದಲು ಮೂಸಿ ನೋಡಿ. ಆಮೇಲೆ ಹೋಳನ್ನು ಸಿಪ್ಪೆಯ ಕಡೆಯಿಂದ ಕಚ್ಚಿ. ಸಿಪ್ಪೆಯಲ್ಲಿ ಒಗರು, ಹುಳಿ ಎರಡೂ ಇರುತ್ತವೆ. ಒಳಗಿನ ದಪ್ಪ ತಿರುಳಿನಲ್ಲಿ ಸಿಹಿ. ಬೀಜದ ಸುತ್ತಲಿನ ಮೆತ್ತನೆಯ ಭಾಗದಲ್ಲಿ ಘಮ ಜಾಸ್ತಿ. ಬೀಜವನ್ನೂ ಒಂದೆರಡು ಅಗಿದು ನೋಡಿ, ಯಾವುದು ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ, ಯಾವುದು ಸುಮ್ನೆ ಪುಡಿಯಾಗುತ್ತದೆ ಅಂತ. ತಿರುಳಿನಲ್ಲಿ ಮರಳು ಮರಳಾಗಿ ಸಿಗುತ್ತದಲ್ಲ, ಅದು ಗಟ್ಟಿ ಗೋಡೆಯ ಕಲ್ಲುಕೋಶಗಳು. ಪೇರ್ ಹಣ್ಣಿನಲ್ಲೂ ಇದೇ ಮರಳು ಇರುತ್ತದೆ. ಉತ್ತರ ಕರ್ನಾಟಕದವರು ಇದನ್ನು ಪೇರಲ ಅನ್ನುತ್ತಾರೆ, ಕರಾವಳಿಯವರು ಪೇರಳೆ ಅನ್ನುತ್ತಾರೆ. ಆ ಹೆಸರು ಪೋರ್ಚುಗೀಸರ ಪೇರ್ ಹಣ್ಣಿನ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ತಿಂದವರ ಹಲ್ಲಿಗೂ ಆ ನೆಂಟಸ್ತಿಕೆ ಗೊತ್ತಾಗಿರಬೇಕು. ನಮ್ಮ ಕಡೆ ಸೀಬೆ, ಕೋಲಾರದ ಕಡೆ ಚೇಪೆ. ಇಷ್ಟೊಂದು ಹೆಸರಿಟ್ಟು ನಮ್ಮದು ಮಾಡಿಕೊಂಡಿದ್ದರೂ ಇದರ ಹುಟ್ಟೂರು ಅಮೆರಿಕ ಖಂಡದ ಬಿಸಿ ನಾಡು. ನಮ್ಮಲ್ಲಿಗೆ ತಂದವರು ಪೋರ್ಚುಗೀಸರು.

ಈಗ ತಟ್ಟೆಗಳ ವಿಷಯ. ಒಂದನೇದು ಅಲಹಾಬಾದ್ ಸಫೇದ. ಗುಂಡಗೆ, ನುಣ್ಣಗೆ, ಒಳಗೆ ಬಿಳಿ. ಸಿಹಿ ನೇರವಾಗಿ ಬರುತ್ತದೆ. ಎರಡನೇದು ಎಲ್-49, ಸರ್ದಾರ್ ಅಂತಲೂ ಕರೆಯುತ್ತಾರೆ. ಇದರ ಸಿಪ್ಪೆ ಉಬ್ಬು ತಗ್ಗು, ನೋಡಲು ಅಷ್ಟು ಚೆಂದವಿಲ್ಲ. ಆದರೆ ಸಿಹಿಯ ಹಿಂದೆ ಒಂದು ಸಣ್ಣ ಹುಳಿ ಬಂತು ಅಲ್ವಾ? ಆ ಹುಳಿಗಾಗಿಯೇ ನನಗೆ ಸಫೇದಕ್ಕಿಂತ ಇದು ಇಷ್ಟ. ಮೂರನೇದು ಅರ್ಕಾ ಮೃದುಲ. ಬೀಜ ಅಗಿದು ನೋಡಿದವರಿಗೆ ಹೆಸರಿನ ಅರ್ಥ ಆಗಿರುತ್ತದೆ. ಮನೆಯಲ್ಲಿ ಹಲ್ಲು ಸಡಿಲವಾದ ಹಿರಿಯರಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ನೆಡಿ.

ಈ ಮೂರನ್ನೂ ಒಟ್ಟಿಗೆ ಇಟ್ಟಿದ್ದಕ್ಕೆ ಒಂದು ಕಾರಣವಿದೆ. ಎರಡನೇದು ಮತ್ತು ಮೂರನೇದು ಒಂದನೆಯದರ ಮಕ್ಕಳು. 1927ರಲ್ಲಿ ಪುಣೆಯ ಗಣೇಶಖಿಂಡ್ ತೋಟದಲ್ಲಿ, ಲಕ್ನೋದಿಂದ ತರಿಸಿದ ಸಫೇದದ ಬೀಜ ಬಿತ್ತಿ ಬೆಳೆಸಿದ ಸಸಿಗಳ ಪೈಕಿ ಆರಿಸಿದ್ದು ಎಲ್-49. ಹೆಸರಿನಲ್ಲಿರುವ 'ಎಲ್' ಲಕ್ನೋದ್ದು. ಅರ್ಕಾ ಮೃದುಲ ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ, ಅದೇ ಸಫೇದದ ಬೀಜದ ಸಸಿಗಳಿಂದ ಆರಿಸಿದ್ದು. ಒಂದೇ ಜಾತಿಯ ಹಣ್ಣಿನ ಬೀಜ. ಒಂದು ಮಗುವಿಗೆ ಒರಟು ಸಿಪ್ಪೆ, ಹುಳಿಸಿಹಿ. ಇನ್ನೊಂದಕ್ಕೆ ಮೆತ್ತನೆಯ ಬೀಜ. ಇದನ್ನು ನೆನಪಿಟ್ಟುಕೊಳ್ಳಿ, ಆರನೇ ತಟ್ಟೆಗೆ ಬಂದಾಗ ಬೇಕಾಗುತ್ತದೆ.

ನಾಲ್ಕನೇದು ಅರ್ಕಾ ಕಿರಣ್, ಇದೂ ಹೆಸರಘಟ್ಟದ್ದು, ಎರಡು ತಳಿ ಕೂಡಿಸಿ ಮಾಡಿದ್ದು. ಕತ್ತರಿಸಿದರೆ ಕಲ್ಲಂಗಡಿಯಂಥ ಕೆಂಪು. ಟೊಮೆಟೊಗೆ ಬಣ್ಣ ಕೊಡುವ ಲೈಕೊಪೀನ್ ಇದಕ್ಕೂ ಬಣ್ಣ ಕೊಡುತ್ತದೆ. ಜ್ಯೂಸಿಗೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಐದನೇದು ತೈವಾನ್ ಪಿಂಕ್. ಇದನ್ನು ಅಂಗಡಿಯಿಂದ ತಂದಿದ್ದೇನೆ. ಗಿಡ ಚಿಕ್ಕದಿರುವಾಗಲೇ ಕಾಯಿ ಬಿಡುತ್ತದೆ, ವರ್ಷದಲ್ಲಿ ಬಹುಪಾಲು ಬಿಡುತ್ತಲೇ ಇರುತ್ತದೆ. ಅದಕ್ಕೇ ನರ್ಸರಿಗಳಲ್ಲಿ ಎಲ್ಲ ಕಡೆ ಇದೇ ಸಿಗುತ್ತದೆ. ಗರಿಗರಿಯಾಗಿದೆ, ಒಪ್ಪುತ್ತೇನೆ. ಘಮ ಮಾತ್ರ ಕಡಿಮೆ. ಒಂದೇ ಗಿಡಕ್ಕೆ ಜಾಗ ಇರುವವರು ಇದನ್ನು ನೆಟ್ಟುಬಿಟ್ಟರೆ ಸೀಬೆ ಅಂದರೆ ಇಷ್ಟೇ ಅಂದುಕೊಳ್ಳುತ್ತಾರಲ್ಲ ಎಂದು ನನಗೆ ಬೇಸರ.

ಆರನೆಯದಕ್ಕೆ ಹೆಸರಿಲ್ಲ.

ಸಣ್ಣ ಹಣ್ಣು, ತೆಳು ಸಿಪ್ಪೆ, ಒಳಗೆ ತಿಳಿ ಗುಲಾಬಿ. ಬೀಜ ಜಾಸ್ತಿಯೇ ಇದೆ. ಆದರೆ ತಟ್ಟೆ ಬರುವ ಮೊದಲೇ ಅದರ ವಾಸನೆ ಬಂದಿರಬೇಕು. ಈ ಹಣ್ಣು ನಮ್ಮ ಬೀದಿಯ ಒಂದು ಹಳೇ ಹೆಂಚಿನ ಮನೆಯ ಹಿತ್ತಲಿನಲ್ಲಿತ್ತು. ಡಿಸೆಂಬರ್ ಬಂತೆಂದರೆ ಬೀದಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು. ಆ ಮನೆಯ ಅಮ್ಮ ಬುಟ್ಟಿಯಲ್ಲಿ ಹಣ್ಣು ಹಾಕಿ ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಿದ್ದರು, ಬೇಕಾದವರು ತೆಗೆದುಕೊಂಡು ಹೋಗಲಿ ಎಂದು. ಮರ ನೆಟ್ಟವರು ಯಾರು ಎಂದು ಕೇಳಿದ್ದೆ. ಯಾರೂ ನೆಟ್ಟಿಲ್ಲಪ್ಪ, ಪಾತ್ರೆ ತೊಳೆಯುವ ಜಾಗದಲ್ಲಿ ತಾನಾಗಿ ಹುಟ್ಟಿದ್ದು ಅಂದರು.

ಅದರ ಬೀಜ ತಂದು ನಾನು ಬಿತ್ತಿದೆ. ಮೂರು ಸಸಿ ಉಳಿದವು. ನಾಲ್ಕು ವರ್ಷ ಕಾದ ಮೇಲೆ ಒಂದು ಕಾಯಿ ಬಿಟ್ಟಿತು. ಒಳಗೆ ಬಿಳಿ, ತುಂಬ ಬೀಜ, ಘಮ ಇಲ್ಲವೇ ಇಲ್ಲ. ಹಾಗಾಗುವುದು ಸಹಜ. ಸೀಬೆ ಹೂವಿಗೆ ಸ್ವಂತ ಪರಾಗವೂ ಆಗುತ್ತದೆ, ಜೇನ್ನೊಣ ಬೇರೆ ಗಿಡದಿಂದ ತಂದದ್ದೂ ಆಗುತ್ತದೆ. ಸುಮಾರು ಮೂರರಲ್ಲೊಂದು ಪಾಲು ಹೊರಗಿನ ಪರಾಗ. ಬೇರೆ ಪರಾಗ ಬೀಳದಿದ್ದರೂ ಬೀಜದಿಂದ ಬೀಜಕ್ಕೆ ಗುಣ ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಎಲ್-49 ಬಂತು, ಮೃದುಲ ಬಂತು, ಪಾತ್ರೆ ತೊಳೆಯುವ ಜಾಗದ ಆ ಮರವೂ ಬಂತು. ಆ ಎರಡನ್ನು ತಜ್ಞರು ಆರಿಸಿ ಹೆಸರಿಟ್ಟರು. ಇದನ್ನು ಬೀದಿಯವರು ತಿಂದರು, ಅಷ್ಟೇ ವ್ಯತ್ಯಾಸ. ಬೀಜದಿಂದ ಹೊಸದು ಸಿಗುತ್ತದೆ, ಇದ್ದದ್ದು ಸಿಗುವುದಿಲ್ಲ. ಇದ್ದದ್ದು ಬೇಕಾದರೆ ಕೊಂಬೆಯಿಂದಲೇ ಗಿಡ ಮಾಡಬೇಕು.

ಒಂದು ಜುಲೈನಲ್ಲಿ ಆ ಅಮ್ಮ ಕರೆದು, ದಸರಾ ಕಳೆದ ಮೇಲೆ ಮನೆ ಕೆಡವುತ್ತಾರೆ, ಮರ ಉಳಿಯುವುದಿಲ್ಲ ಅಂದರು. ಮಾರನೇ ದಿನವೇ ಹೋಗಿ ಏಳು ಗೂಟಿ ಕಟ್ಟಿದೆ. ಗೂಟಿ ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವ ಕಟ್ಟು.

ಗೂಟಿ ಕಟ್ಟುವುದನ್ನು ಈಗ ತೋರಿಸುತ್ತೇನೆ. (ಇಲ್ಲಿ ಒಂದು ಕೊಂಬೆಯ ಮೇಲೆ ಮಾಡಿ ತೋರಿಸಿದೆ. ಓದುವವರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.)

ಪೆನ್ಸಿಲ್ ದಪ್ಪದ, ಒಂದು ವರ್ಷದೊಳಗಿನ ಕೊಂಬೆ ಬೇಕು. ಹಳೇ ಮರವಾದರೆ ಮುದಿ ಕೊಂಬೆಗಳಿಗೆ ಬೇರು ಬರುವುದು ಕಷ್ಟ. ಕೆಳಗಿನಿಂದ ಹೊಸದಾಗಿ ನೇರ ಎದ್ದ ಕೊಂಬೆ ಹುಡುಕಿ. ತುದಿಯಿಂದ ಒಂದು, ಒಂದೂವರೆ ಅಡಿ ಕೆಳಗೆ ಒಂದು ಗಿಣ್ಣಿನ ಬುಡದಲ್ಲಿ, ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆಯನ್ನು ಬಳೆಯ ಹಾಗೆ ತೆಗೆಯಬೇಕು. ಮಳೆಗಾಲದಲ್ಲಿ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ತೊಗಟೆ ತೆಗೆದ ಮೇಲೆ ಮರದ ಮೇಲೆ ಜಾರುವಂಥ ಒಂದು ಲೋಳೆಯ ಪದರ ಉಳಿದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆಯಿರಿ. ನನ್ನ ಏಳರಲ್ಲಿ ಎರಡು ಕೆಟ್ಟದ್ದು ಇಲ್ಲೇ. ಅವಸರದಲ್ಲಿ ಸರಿಯಾಗಿ ಕೆರೆದಿರಲಿಲ್ಲ. ಆ ಪದರದಿಂದ ತೊಗಟೆ ಮತ್ತೆ ಬೆಳೆದು ಮೇಲೂ ಕೆಳಗೂ ಕೂಡಿಕೊಂಡಿತು. ಗಾಯ ವಾಸಿಯಾಯಿತು, ಬೇರು ಬರಲಿಲ್ಲ.

ಬೇರು ಯಾಕೆ ಬರುತ್ತದೆ ಅಂದರೆ, ನೀರು ಮೇಲಕ್ಕೆ ಹೋಗುವ ದಾರಿ ಒಳಗಿನ ಮರದಲ್ಲಿದೆ. ಎಲೆ ತಯಾರಿಸಿದ ಆಹಾರ ಕೆಳಗೆ ಇಳಿಯುವ ದಾರಿ ತೊಗಟೆಯಲ್ಲಿದೆ. ತೊಗಟೆ ತೆಗೆದರೆ ಕೊಂಬೆ ಬಾಡುವುದಿಲ್ಲ, ನೀರು ಹೋಗುತ್ತಲೇ ಇರುತ್ತದೆ. ಆಹಾರ ಮತ್ತು ಬೇರು ಹುಟ್ಟಿಸುವ ರಸ ಮಾತ್ರ ಗಾಯದ ಮೇಲಂಚಿಗೆ ಬಂದು ನಿಂತುಬಿಡುತ್ತವೆ. ಅಲ್ಲಿ ಕತ್ತಲೆ, ತೇವ ಸಿಕ್ಕಿದರೆ ಬೇರು ಒಡೆಯುತ್ತದೆ. ಅದಕ್ಕೇ ಬೇರು ಬರಿಸುವ ಪುಡಿ ಇದ್ದರೆ ಮೇಲಂಚಿಗೆ ಹಚ್ಚಬೇಕು, ಕೆಳಗಿನ ಅಂಚಿಗಲ್ಲ.

ಆಮೇಲೆ ನೆನೆಸಿದ ತೆಂಗಿನ ನಾರಿನ ಪುಡಿಯನ್ನು ಹಿಂಡಿ, ನೀರು ತೊಟ್ಟಿಕ್ಕದ ಹದಕ್ಕೆ ತಂದು, ಮುಷ್ಟಿ ಗಾತ್ರ ಸುತ್ತಲೂ ಒತ್ತಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಮಳೆ ನೀರು ತುಂಬಿ ಕೊಳೆಯುತ್ತದೆ, ಇಲ್ಲವೇ ಇರುವೆ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕಟ್ಟಿದರೆ ಐದಾರು ವಾರಕ್ಕೆ ಹಾಳೆಯ ಒಳಗೆ ಬಿಳಿ ಬೇರು ಕಾಣುತ್ತದೆ. ಮೊದಲ ಬೇರು ಕಂಡ ತಕ್ಷಣ ಕತ್ತರಿಸಬೇಡಿ. ಬೇರು ಕವಲೊಡೆದು ಸ್ವಲ್ಪ ಕಂದು ತಿರುಗಲಿ. ಗೂಟಿಯ ಕೆಳಗೆ ಕತ್ತರಿಸಿ, ಅರ್ಧ ಎಲೆ ತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಉಂಡೆ ಒಡೆಯದಂತೆ ಕುಂಡಕ್ಕೆ ಇಳಿಸಿ. ಒಂದು ತಿಂಗಳು ನೆರಳಿನಲ್ಲಿರಲಿ.

ನನ್ನ ಏಳರಲ್ಲಿ ಎರಡಕ್ಕೆ ಬೇರು ಬರಲಿಲ್ಲ, ಒಂದು ಕೊಂಬೆಯನ್ನು ಗೊತ್ತಿಲ್ಲದೆ ಯಾರೋ ಮುರಿದರು. ನಾಲ್ಕು ಉಳಿದವು. ಒಂದು ನಮ್ಮ ಹಿತ್ತಲಿನಲ್ಲಿದೆ. ಒಂದು ಆ ಅಮ್ಮನ ಮಗಳ ಮನೆಗೆ ಹೋಯಿತು. ಉಳಿದೆರಡು ಬೀದಿಯಲ್ಲೇ ಇವೆ. ನವೆಂಬರಿನಲ್ಲಿ ಮರ ಕಡಿದರು. ಮೂರನೇ ಚಳಿಗಾಲಕ್ಕೆ ನಮ್ಮ ಗಿಡದಲ್ಲಿ ಹನ್ನೊಂದು ಹಣ್ಣು ಬಿಟ್ಟವು. ಮೊದಲನೆಯದನ್ನು ಆ ಅಮ್ಮನಿಗೆ ಕೊಂಡುಹೋದೆ. ಅವರು ತಿನ್ನಲಿಲ್ಲ, ಮೂಸಿ ನೋಡಿ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು.

ಕಸಿಯ ಬಗ್ಗೆ ಇವತ್ತು ಜಾಸ್ತಿ ಹೇಳುವುದಿಲ್ಲ. ಬೀಜದ ಸಸಿಯ ಕಾಂಡ ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿ ಕೂರಿಸುವ ಕಸಿ ಸೀಬೆಗೆ ಚೆನ್ನಾಗಿ ಹೊಂದುತ್ತದೆ. ನರ್ಸರಿಯವರಿಗೆ ಅದೇ ಸರಿ. ಕಸಿ ಗಿಡಕ್ಕೆ ಬೀಜದ ಬೇರು ಇರುವುದರಿಂದ ಗಾಳಿಗೆ ಗಟ್ಟಿ ನಿಲ್ಲುತ್ತದೆ. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಮೊದಲ ಎರಡು ವರ್ಷ ಊರುಗೋಲು ಕೊಡಲೇಬೇಕು. ಆದರೆ ಮನೆಯಲ್ಲಿ ಒಂದು ಚಾಕು, ಒಂದು ಪ್ಲಾಸ್ಟಿಕ್ ಹಾಳೆಯಿಂದ ಆಗುವ ಕೆಲಸ ಗೂಟಿಯೇ.

ಇನ್ನು ಗಿಡ ಕೊಳ್ಳುವವರಿಗೆ ಒಂದು ಮಾತು. ನಾನು ಒಮ್ಮೆ ಒಂದು ನರ್ಸರಿಯಿಂದ ತಂದ ಗಿಡ ವರ್ಷವಾದರೂ ಏಳಲಿಲ್ಲ. ಎಲೆ ಹಳದಿ, ಅಂಚು ಕಂದು. ಗೊಬ್ಬರ ಹಾಕಿದೆ, ನೀರು ಬದಲಿಸಿದೆ. ಕೊನೆಗೆ ಕಿತ್ತು ನೋಡಿದರೆ ಬೇರಿನ ತುಂಬ ಗಂಟು, ಜಂತುಹುಳುವಿನ ಗಂಟು. ಕಣ್ಣಿಗೆ ಕಾಣದ ಆ ಹುಳು ಕುಂಡದ ಮಣ್ಣಿನಲ್ಲೇ ಬಂದಿತ್ತು. ಒಮ್ಮೆ ನಮ್ಮ ಮಣ್ಣಿಗೆ ಸೇರಿದರೆ ಹೋಗಿಸುವುದು ಬಹಳ ಕಷ್ಟ. ಅಲ್ಲಿ ಬದನೆ, ಟೊಮೆಟೊ ನೆಟ್ಟರೂ ಅವಕ್ಕೂ ಗಂಟು. ಆದ್ದರಿಂದ ಗಿಡ ತಂದ ದಿನ ಕವರ್ ಬಿಚ್ಚಿ, ಹೊರಗಿನ ಬೇರನ್ನು ಸ್ವಲ್ಪ ತೊಳೆದು ನೋಡಿ. ಮಣಿ ಪೋಣಿಸಿದಂತೆ ಕಂಡರೆ ನೆಲಕ್ಕೆ ಇಳಿಸಬೇಡಿ. ಗಿಡ ಎಷ್ಟೇ ಚೆಂದ ಇರಲಿ.

ಜಾಗ ಇಲ್ಲ ಅನ್ನುವವರಿಗೆ ಹೇಳುತ್ತೇನೆ. ಲಕ್ನೋದ ಕೇಂದ್ರೀಯ ತೋಟಗಾರಿಕಾ ಸಂಸ್ಥೆಯವರು ಸೀಬೆಯನ್ನು ಎರಡು ಮೀಟರಿಗೆ ಒಂದು ಸಾಲು, ಸಾಲಿನಲ್ಲಿ ಒಂದು ಮೀಟರಿಗೆ ಒಂದು ಗಿಡದಂತೆ ನೆಟ್ಟು, ಹೆಕ್ಟೇರಿಗೆ 5000 ಗಿಡ ಬೆಳೆಸಿ ತೋರಿಸಿದ್ದಾರೆ. ಅದು ಸಾಧ್ಯವಾಗುವುದು ಕೊಂಬೆ ಕತ್ತರಿಸಿ ಸವರುವುದರಿಂದ. ಸೀಬೆಯಲ್ಲಿ ಹೂ ಬರುವುದು ಹೊಸ ಚಿಗುರಿನ ಎಲೆ ಬುಡದಲ್ಲಿ. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ. ಗಿಡ ಎರಡೂವರೆ ಅಡಿ ಬಂದಾಗ ತುದಿ ಕತ್ತರಿಸಿ. ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕು ಕೊಂಬೆ ಉಳಿಸಿ. ಆರೇಳು ಅಡಿಗಿಂತ ಎತ್ತರ ಬಿಡಬೇಡಿ. ನಮ್ಮದು 40-60 ಸೈಟು. ಮನೆ ಬಿಟ್ಟು ಉಳಿದ ಹಿಂಭಾಗದಲ್ಲಿ ಐದು ಗಿಡಗಳಿವೆ, ತಾರಸಿಯ ಮೇಲೆ ಅರ್ಧ ಡ್ರಮ್ಮಿನಲ್ಲಿ ಎರಡು.

ರುಚಿಯ ಅರ್ಧ ಗುಟ್ಟು ತಳಿಯಲ್ಲಿದ್ದರೆ ಇನ್ನರ್ಧ ಕಾಲದಲ್ಲಿದೆ. ಏಪ್ರಿಲ್, ಮೇ ಹೊತ್ತಿಗೆ ಬರುವ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತದೆ. ಆ ಹಣ್ಣು ನೀರು ನೀರು, ಹುಳುವೂ ಜಾಸ್ತಿ. ಅದೇ ಗಿಡದ ಚಳಿಗಾಲದ ಹಣ್ಣು ತಿಂದರೆ ಬೇರೆ ಜಾತಿಯೇನೋ ಅನ್ನಿಸುತ್ತದೆ. ನಾನು ಮೇ ತಿಂಗಳ ಮಧ್ಯದಲ್ಲಿ ಎಲ್ಲ ಕೊಂಬೆಗಳ ತುದಿಯನ್ನು ಒಂದು ಅಡಿ ಸವರುತ್ತೇನೆ. ಅದರಲ್ಲಿ ಹೂವು, ಹೀಚು ಎಲ್ಲ ಹೋಗುತ್ತವೆ. ಮೊದಲ ಸಲ ಕೈ ಬರಲಿಲ್ಲ, ಅರ್ಧ ಗಿಡ ಮಾತ್ರ ಸವರಿದೆ. ಆ ಅರ್ಧದಲ್ಲೇ ಡಿಸೆಂಬರ್ ಹಣ್ಣು ತುಂಬಿತು, ಸವರದ ಕಡೆಯ ಮಳೆಗಾಲದ ಹಣ್ಣೆಲ್ಲ ಹುಳುವಿಗೆ ಹೋಗಿತ್ತು. ಅಲ್ಲಿಂದ ಪೂರ್ತಿ ಸವರುತ್ತೇನೆ. ಸವರಿದ ಎರಡು ತಿಂಗಳೊಳಗೆ ಹೊಸ ಚಿಗುರಿನಲ್ಲಿ ಮೊಗ್ಗು, ಹೂವಾದ ನಾಲ್ಕೈದು ತಿಂಗಳಿಗೆ ಹಣ್ಣು. ಲೆಕ್ಕ ಹಾಕಿದರೆ ನವೆಂಬರ್, ಡಿಸೆಂಬರ್ ಬರುತ್ತದೆ. ಇವತ್ತು ನೀವು ತಿಂದದ್ದು ಆ ಹಣ್ಣು.

ಕೀಳುವ ದಿನವೂ ಮುಖ್ಯ. ಕಡು ಹಸಿರು ಹೋಗಿ ತಿಳಿ ಹಸಿರಿಗೆ ಹಳದಿ ಬೆರೆತ ದೋರೆಗಾಯಿ ನನ್ನ ಪಾಲಿಗೆ ಹದ. ಪೂರ್ತಿ ಹಳದಿಯಾಗಿ ಮೆತ್ತಗಾದದ್ದು ಇಷ್ಟಪಡುವವರೂ ಇದ್ದಾರೆ, ಗುಲಾಬಿ ತಿರುಳಿನದು ಹಾಗೇ ಚೆನ್ನ. ಸಿಪ್ಪೆ ಮಾತ್ರ ಸುಲಿಯಬೇಡಿ. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಮೀರಿ ಸಿ ಜೀವಸತ್ವ ಇದೆ, ಕಿತ್ತಳೆಯ ನಾಲ್ಕರಷ್ಟು. ಅದರಲ್ಲಿ ಹೆಚ್ಚಿನದು ಸಿಪ್ಪೆ ಮತ್ತು ಅದಕ್ಕಂಟಿದ ತಿರುಳಿನಲ್ಲಿ.

ಇನ್ನು ಪ್ರಶ್ನೆಗಳು.

ಹಣ್ಣಿನಲ್ಲಿ ಹುಳು ಬರುವುದಕ್ಕೆ ಏನು ಮಾಡಬೇಕು ಎಂದು ಹಿಂದಿನ ಸಾಲಿನ ಅಕ್ಕ ಒಬ್ಬರು ಕೇಳಿದರು. ಅದು ಹಣ್ಣುನೊಣದ ಮರಿ. ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಬೆಳೆದು, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಹಾಗಾಗಿ ಉದುರಿದ ಹಣ್ಣನ್ನು ಒಂದು ದಿನವೂ ನೆಲದಲ್ಲಿ ಬಿಡಬೇಡಿ. ಗೊಬ್ಬರದ ಗುಂಡಿಗೂ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಕಾಯಿ ನಿಂಬೆ ಗಾತ್ರವಾದಾಗ ಬಟ್ಟೆ ಚೀಲ ಕಟ್ಟುವುದು ಎಲ್ಲಕ್ಕಿಂತ ಖಚಿತ ಉಪಾಯ. ಅಳಿಲು, ಬಾವಲಿಯಿಂದಲೂ ಸ್ವಲ್ಪ ರಕ್ಷಣೆ. ಮಿಥೈಲ್ ಯುಜಿನಾಲ್ ಹಾಕಿದ ಬಲೆ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಬರುವುದು ಗಂಡು ನೊಣ ಮಾತ್ರ, ಅದೊಂದನ್ನೇ ನಂಬಿ ಕೂರಬೇಡಿ. ತುಳಸಿ ಎಲೆಯಲ್ಲೂ ಇದೇ ವಸ್ತು ಇದೆ. ಒಂದು ಹಿಡಿ ತುಳಸಿ ಜಜ್ಜಿ ಗಿಡದ ಹತ್ತಿರ ಇಟ್ಟು ನೋಡಿ, ಸ್ವಲ್ಪ ಹೊತ್ತಿಗೆ ನೊಣ ಬಂದು ಕೂರುತ್ತವೆ. ನಿಮ್ಮ ತೋಟದಲ್ಲಿ ಅವು ಇವೆಯೇ ಎಂದು ತಿಳಿಯಲು ಇದು ಸಾಕು.

ಬೀಜವೇ ಇಲ್ಲದ ಸೀಬೆ ನೆಡಬಹುದಾ ಎಂದು ಒಬ್ಬ ಹುಡುಗ ಕೇಳಿದ. ನೆಡಬಹುದು, ಆದರೆ ಕಾಯಿ ಕಡಿಮೆ ಬಿಡುತ್ತದೆ, ಆಕಾರವೂ ಸೊಟ್ಟ. ಮೆತ್ತನೆಯ ಬೀಜದ್ದೇ ಮೇಲು.

ಸ್ಟ್ರಾಬೆರಿ ಸೀಬೆಯ ಬಗ್ಗೆಯೂ ಪ್ರಶ್ನೆ ಬಂತು. ಅದು ಬ್ರೆಜಿಲ್ ಕಡೆಯ ಬೇರೆಯೇ ಪ್ರಭೇದ. ಎಲೆ ಹೊಳೆಯುತ್ತದೆ, ಹಣ್ಣು ಗೋಲಿಗಿಂತ ಸ್ವಲ್ಪ ದೊಡ್ಡದು, ಹುಳಿಸಿಹಿ. ಬೀಜದಿಂದ ಬೆಳೆಸಿದರೂ ಹೆಚ್ಚು ಕಡಿಮೆ ತಾಯಿಯ ಹಾಗೇ ಬರುತ್ತದೆ. ಕುಂಡದಲ್ಲಿ ಇಟ್ಟುಕೊಳ್ಳಿ. ಹವಾಯಿಯಲ್ಲಿ ಅದು ಕಾಡಿಗೆ ನುಗ್ಗಿ ಕಳೆಯಾಗಿದೆ, ಆದ್ದರಿಂದ ಮಲೆನಾಡಿನ ತೋಟದಂಚಿನಲ್ಲಿ ನೆಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಧಾರವಾಡದವರೊಬ್ಬರು ಎದ್ದು, ನಮ್ಮ ನವಲೂರು ಪೇರಲ ಯಾಕೆ ತಂದಿಲ್ರೀ ಅಂದರು. ತರಬೇಕಿತ್ತು. ಹುಬ್ಬಳ್ಳಿ-ಧಾರವಾಡದ ನಡುವಿನ ಆ ಊರಿನ ಪೇರಲ ನಾನು ಬುಟ್ಟಿಗಟ್ಟಲೆ ತಿಂದಿದ್ದೇನೆ. ಎರಡೂ ಊರು ಬೆಳೆದು ಒಂದಕ್ಕೊಂದು ತಾಗಿದ ಹಾಗೆ ಅಲ್ಲಿನ ತೋಟಗಳು ಕಡಿಮೆಯಾಗಿವೆ. ಅವರ ಅಣ್ಣನ ಮನೆಯ ಹಿಂದೆ ಇನ್ನೂ ಎರಡು ಹಳೇ ಗಿಡ ಇವೆಯಂತೆ. ಒಳಗೆ ಯಾವ ಬಣ್ಣ ಎಂದು ಕೇಳಿದೆ. ಒಂದು ಬಿಳಿ, ಒಂದು ಕೆಂಪು ಅಂದರು.

ಉಪ್ಪು ಖಾರದ ಡಬ್ಬಿ ತೆರೆಯುವಷ್ಟರಲ್ಲಿ ಆರನೇ ತಟ್ಟೆ ಖಾಲಿಯಾಗಿತ್ತು. ಧಾರವಾಡದವರ ಜೊತೆ ಮಾತಾಗಿದೆ. ಮಳೆ ಹಿಡಿದ ಮೇಲೆ, ಜೂನ್ ಕೊನೆಯ ವಾರ, ನಾವು ಐದಾರು ಜನ ಅಲ್ಲಿಗೆ ಹೋಗುತ್ತಿದ್ದೇವೆ. ಬರುವವರು ಹರಿತವಾದ ಒಂದು ಚಾಕು ತನ್ನಿ. ನಾರಿನ ಪುಡಿ, ಹಾಳೆ, ದಾರ ನಾನು ತರುತ್ತೇನೆ.